ಊರು ದಾಟಿ, ಭಾಗ 4: ಲೋಂಗೇವಾಲಾದ ಬಂಕರ್

ದೋಸ್ತ್ರ, ಈ ಸಲ ಉದ್ದ ಐತಿ. ಫೋಟೋ ನಂಬರ್ ಹಾಕೇನಿ, ಸ್ವೈಪ್ ಮಾಡ್ಕೋತ ಓದ್ರಿ. ಗದಗ ಬಸ್ಸಿನ್ಯಾಗ ಸೀಟು ಸಿಕ್ಕಿದ್ರ ಇನ್ನೂ ಚಲೋ.

ಫೋಟೋ 1. ಈ ಟ್ಯಾಂಕ್ ಪಾಕಿಸ್ತಾನದ್ದು. ಟಿ-59 ಅಂತಾರ, ಚೀನಾದಾಗ ಮಾಡಿದ್ದು. ಜೋಧಪುರದ ಮದುವಿ ಊಟದ ಕತಿ ಹಿಂದಿನ ಭಾಗದಾಗ ಹೇಳೇನಲ್ಲ, ಅದು ಮುಗಿದ ಮ್ಯಾಲೆ ನಾವು ಐದು ಮಂದಿ ಜೈಸಲ್ಮೇರ್‌ಗೆ ಹೋದ್ವಿ. ಅಲ್ಲಿಂದ ಲೋಂಗೇವಾಲಾ ಸುಮಾರು 120 ಕಿ.ಮೀ. ಗಾಡಿ ಬಾಡಿಗಿ ಐದು ಪಾಲು ಮಾಡಿದ್ವಿ. ದಾರಿ ತುಂಬ ಮರಳು, ನಡುನಡುವೆ ಒಂಟೆ, ಮತ್ತೆ ಮರಳು. 1971ರಲ್ಲಿ ಯುದ್ಧ ನಡೆದ ಜಾಗನ ಈಗ ಸೈನ್ಯದವರು ಸ್ಮಾರಕ ಮಾಡ್ಯಾರ. ಕಂದಕ, ಬಂಕರ್ ಎಲ್ಲಾ ಇಳಿದು ನೋಡಬಹುದು.

ಫೋಟೋ 2. ಇದು ಕಂದಕ. ನಮ್ಮ ಎರಿ ಭೂಮಿಯವರಿಗೆ ಇದು ಲಗೂನ ತಿಳೀತೈತಿ. ಅಂತೂರ ಬೆಂತೂರದಾಗ ಕೃಷಿ ಹೊಂಡ ತೋಡಿದ್ರ ದಂಡಿ ಗೋಡೆ ಹಂಗ ನಿಲ್ತೈತಿ. ಮಳಿ ಆದ್ರ ಒಂದೊಂದು ಚಪ್ಪಲಿಗೆ ಒಂದೊಂದು ಕೆಜಿ ಮಣ್ಣು ಹತ್ತತೈತಿ. ಇಲ್ಲಿ ಹಂಗಿಲ್ಲ. ಒಂದು ಬುಟ್ಟಿ ಮರಳು ತೆಗೆದ್ರ ಅರ್ಧ ಬುಟ್ಟಿ ಮತ್ತೆ ಒಳಗ ಸುರೀತೈತಿ. ಅದಕ್ಕ ಮರಳಿನ ಚೀಲ ಒಟ್ಟಿ ಗೋಡೆ ನಿಲ್ಲಿಸಬೇಕು. ಯುದ್ಧದ ಕಂದಕ ಸಾಮಾನ್ಯವಾಗಿ ನೆಟ್ಟಗ ಇರಂಗಿಲ್ಲ, ಸೊಟ್ಟ ಸೊಟ್ಟ ಇರ್ತಾವ. ಯಾಕಂದ್ರ ನೆಟ್ಟಗಿದ್ರ ಒಂದು ತುದಿಯಿಂದ ಹೊಡೆದ ಗುಂಡು ಇನ್ನೊಂದು ತುದಿ ತನಕ ಎಲ್ಲಾರಿಗೂ ತಾಗತೈತಿ. ತಿರುವು ಇದ್ರ ಬಾಂಬು ಬಿದ್ರೂ ಒಂದು ತುಂಡಿನ್ಯಾಗಿದ್ದವರಿಗೆ ಅಷ್ಟೇ ಹಾನಿ. ಆ ತಿರುವು ತೋಡೋವಾಗ ನಮ್ಮಾಗ ಯಾರಾದರೂ ಸಾಯ್ತಾರ ಅಂತ ಮೊದಲೇ ಲೆಕ್ಕ ಹಾಕಿರ್ತಾರ.

ಫೋಟೋ 3. ಬಂಕರ್ ಒಳಗಿಂದ ತೆಗೆದದ್ದು. ಕಪ್ಪು ಬಂದೈತಿ ಅಂತ ಬೈಬ್ಯಾಡ್ರಿ, ಒಳಗ ಇರೋದೇ ಅಷ್ಟು ಬೆಳಕು. ತಲೆ ಬಗ್ಗಿಸಿ ಹೋಗಬೇಕು. ಎದುರಿಗೆ ಒಂದು ಸೀಳು ಕಿಂಡಿ. ಕಿಂಡಿಯೊಳಗಿಂದ ಕಾಣೋದು ಒಂದು ತುಂಡು ಮರಳು, ಒಂದು ತುಂಡು ಆಕಾಶ. ಬಲಕ್ಕ ಏನ್ ನಡದೈತಿ, ಎಡಕ್ಕ ಯಾರ್ ಅದಾರ, ಗೊತ್ತಾಗಂಗಿಲ್ಲ. ನಾವು ಫೋನಿನ್ಯಾಗ ಯುದ್ಧ ನೋಡೋವಾಗ ಮ್ಯಾಲಿಂದ ನೋಡ್ತೀವಿ, ಡ್ರೋನ್ ವಿಡಿಯೋ, ನಕಾಶೆ, ಬಾಣದ ಗುರುತು. ಒಳಗ ಕುಂತವಗ ಅದ್ಯಾವುದೂ ಕಾಣಂಗಿಲ್ಲ.

ಫೋಟೋ 4. ಈ ದಿಬ್ಬದ ಮ್ಯಾಲೆ 1971ರ ಡಿಸೆಂಬರ್ 4ರ ರಾತ್ರಿ ಪಂಜಾಬ್ ರೆಜಿಮೆಂಟಿನ 23ನೇ ಬೆಟಾಲಿಯನ್ನಿನ ಒಂದು ಕಂಪನಿ ಇತ್ತು, ಸುಮಾರು 120 ಜನ. ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಅದರ ಮುಖ್ಯಸ್ಥರು. ಗಡಿ ಕಡೆಯಿಂದ ಟ್ಯಾಂಕುಗಳ ಸಾಲು ಬರ್ತಿತ್ತು, ಜೊತೆಗೆ ಎರಡು ಸಾವಿರದಷ್ಟು ಸೈನಿಕರು. ಇಲ್ಲೇ ನಿಲ್ಲಬೇಕೋ ಹಿಂದೆ ಸರಿಬೇಕೋ ಅನ್ನೋ ತೀರ್ಮಾನ ಮೇಜರ್ ಮ್ಯಾಲೆ ಬಂತು. ನಿಂತರು. ಜೀಪಿನ ಮ್ಯಾಲಿನ ಟ್ಯಾಂಕ್ ಹೊಡೆಯೋ ಬಂದೂಕಿನವರು ಟ್ಯಾಂಕ್ ತೀರಾ ಹತ್ತಿರ ಬರೋತನಕ ಉಸಿರು ಬಿಗಿಹಿಡಿದು ಕಾದರು. ಮುಳ್ಳುತಂತಿ ನೋಡಿ ಎದುರಿನವರು ಇಲ್ಲಿ ನೆಲಬಾಂಬ್ ಹೂತಾರ ಅಂದ್ಕೊಂಡು ನಿಂತ್ರು. ಆ ಅನುಮಾನದಾಗ ಅವರ ಹೊತ್ತು ಹೋತು. ನಮ್ಮ ಹಂಟರ್ ವಿಮಾನ ಜೈಸಲ್ಮೇರ್‌ನ್ಯಾಗ ತಯಾರಿದ್ವು, ಆದ್ರ ಕತ್ತಲದಾಗ ದಾಳಿ ಮಾಡೋ ಸಲಕರಣೆ ಅವಕ್ಕ ಇರಲಿಲ್ಲ. ಬೆಳಕು ಹರಿಯೋತನಕ ಕಾಯಬೇಕಾತು. ಬೆಳಕಾದ ಮ್ಯಾಲೆ ಮರಳಿನ್ಯಾಗ ಸಿಕ್ಕೊಂಡ ಟ್ಯಾಂಕಿಗೆ ಅಡಗಾಕ ಒಂದು ಗಿಡದ ನೆರಳೂ ಇರಲಿಲ್ಲ. ಚಾಂದ್‌ಪುರಿ ಅವರಿಗೆ ಮಹಾವೀರ ಚಕ್ರ ಬಂತು. ಅದೇ ರಾತ್ರಿ ನಮ್ಮ ನೌಕಾಪಡೆ ಕರಾಚಿ ಮ್ಯಾಲೆ ದಾಳಿ ಮಾಡಿತ್ತು, ಡಿಸೆಂಬರ್ 4 ನೌಕಾಪಡೆ ದಿನ ಆಗಿದ್ದು ಅದಕ್ಕ.

ಫೋಟೋ 5. 'ಬಾರ್ಡರ್' ಸಿನಿಮಾ ಎಲ್ಲಾರೂ ನೋಡೀರಿ. 1997ರದ್ದು, ಆಗಸ್ಟ್ 15 ಬಂದ್ರ ಟಿವಿಯವರು ಬಿಡಂಗಿಲ್ಲ. ಅದರಾಗ ನಮ್ಮ ಮೂಲ್ಕಿಯ ಸುನೀಲ್ ಶೆಟ್ಟಿ ಮಾಡಿದ ಭೈರೋಂ ಸಿಂಗ್ ಪಾತ್ರ ಕಡೀಗೆ ಟ್ಯಾಂಕಿಗೆ ಎದೆ ಕೊಟ್ಟು ಸಾಯ್ತಾನ, ನಾವು ಅಳ್ತೀವಿ. ಖರೇ ಭೈರೋಂ ಸಿಂಗ್ ರಾಠೋಡ್ ಸಾಯಲಿಲ್ಲ. ಅವರು ಬಿಎಸ್‌ಎಫ್‌ನವರು, ಆ ರಾತ್ರಿ ಮಷಿನ್ ಗನ್ ಹಿಡಿದು ಇಲ್ಲೇ ಇದ್ರು. ಸೇನಾ ಪದಕ ಬಂತು, ನಿವೃತ್ತಿ ಆದ್ರು, ಊರಿಗೆ ಹೋಗಿ ಸಂಸಾರ ಮಾಡಿದ್ರು. ತೀರಿಕೊಂಡದ್ದು 2022ರ ಡಿಸೆಂಬರ್‌ನ್ಯಾಗ, ಜೋಧಪುರದಾಗ. ಸಿನಿಮಾದಾಗ ಸತ್ತ ಮ್ಯಾಲೂ 25 ವರ್ಷ ಬದುಕಿದ್ರು. ಆ ರಾತ್ರಿ ನಮ್ಮ ಕಡೆ ಸತ್ತವರು ಇಬ್ಬರು. ಕಂಪನಿ ಉಳಿದದ್ದೇ ದೊಡ್ಡ ಗೆಲುವು. ಆದ್ರ ಬದುಕಿ ಬಂದವರ ಕತಿಗೆ ನಾವು ಸೀಟಿ ಹೊಡೆಯಂಗಿಲ್ಲ, ಅದಕ್ಕ ಸಿನಿಮಾದವರು ಸಾಯಿಸ್ತಾರ.

ಫೋಟೋ 6. ಇದು ರಾಜಸ್ಥಾನ ಅಲ್ಲ, ನಮ್ಮನಿ ಪಡಸಾಲಿ. ಬೂಟು ನನ್ನ ತಮ್ಮಂದು. 18 ವರ್ಷ. ದಿನಾ ನಸುಕಿನ್ಯಾಗ ಓಡ್ತಾನ, ಅಗ್ನಿವೀರ್ ಭರ್ತಿಗೆ. ಮೊಬೈಲ್‌ನ್ಯಾಗ ಟೈಮರ್ ಇಟ್ಟು 1.6 ಕಿ.ಮೀ. ಅಳೀತಾನ. ಅವ್ವ ಬ್ಯಾಡ ಅಂತಾಳ, ಅಪ್ಪ ಸುಮ್ಮನಿರ್ತಾನ. 'ಯಣ್ಣಾ, ನೀ ಹೇಳು' ಅಂತ ತಮ್ಮ ನನ್ನ ಮುಂದ ನಿಂತಾನ.

ಬಿಕಾಂ ಹುಡುಗ ನಾನು, ಮೊದಲು ಲೆಕ್ಕ ಹಾಕಿದೆ. 2022ರಲ್ಲಿ ಯೋಜನೆ ಘೋಷಣೆ ಆದಾಗ ಹೇಳಿದ ಪ್ರಕಾರ ಮೊದಲ ವರ್ಷ ತಿಂಗಳಿಗೆ 30,000, ಕೈಗೆ ಬರೋದು 21,000. ನಾಲ್ಕು ವರ್ಷ ಮುಗಿದಾಗ ಬಡ್ಡಿ ಸೇರಿ ಸುಮಾರು 11.71 ಲಕ್ಷ. ಆಮ್ಯಾಲೆ ನೂರಕ್ಕ 25 ಮಂದಿ ತನಕ ಕಾಯಂ, ಉಳಿದವರು ಮನಿಗೆ. ಒಣ ಬೇಸಾಯದ ಮನಿಗೆ ಈ ದುಡ್ಡು ಸಣ್ಣದಲ್ಲ. ಆದ್ರ ಇನ್ನೊಂದು ಕಲಮಿನ್ಯಾಗ ಏನ್ ಬರೀಬೇಕು? ನಮ್ಮಿಂದ ದೂರಿಲ್ಲದ ಬೆಟದೂರು ನೆನಪೈತಿ ಅಲ್ಲ? ಕುಂದಗೋಳ ತಾಲೂಕು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ್ಯಾಗ ಹಿಮ ಕುಸಿದು ಹತ್ತು ಮಂದಿ ಹೂತುಹೋದ್ರು. ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಒಬ್ಬರೇ ದಿನಗಟ್ಟಲೆ ಹಿಮದಡಿ ಇದ್ದು ಜೀವಂತ ಸಿಕ್ಕರು. ಫೆಬ್ರುವರಿ 11ಕ್ಕ ದಿಲ್ಲಿ ಆಸ್ಪತ್ರೆಯೊಳಗ ತೀರಿಕೊಂಡರು. ಅಲ್ಲಿ ಗುಂಡು ಹಾರಿರಲಿಲ್ಲ, ಶತ್ರು ಬಂದಿರಲಿಲ್ಲ.

ತಮ್ಮಗ ನಾ ಬ್ಯಾಡ ಅನ್ನಲಿಲ್ಲ, ಹೋಗು ಅಂತಾನೂ ಹುರುಪು ಕೊಡಲಿಲ್ಲ. ಮೂರನೇ ಫೋಟೋ ತೋರಿಸಿ, 'ಕಾಣೋದು ಇಷ್ಟೇ, ಇದರಾಗ ರಾತ್ರಿ ಕಳೀಬೇಕು, ಒಪ್ಪಿಗೆ ಐತೇನು?' ಅಂದೆ. ಭಾಳ ಹೊತ್ತು ನೋಡಿದ. 'ಐತಿ' ಅಂದ. ಮರುದಿನ ಮತ್ತೆ ಓಡಾಕ ಹೋದ. ಅವನ ಡಿಗ್ರಿ ಬಿಡಬಾರದು, ಫೀ ನಾ ನೋಡ್ಕೋತೀನಿ ಅಂತ ಅವ್ವಗ ಮಾತು ಕೊಟ್ಟೇನಿ. ನಮ್ಮ ಮನಿ ಒಪ್ಪಂದ ಸದ್ಯಕ್ಕ ಇಷ್ಟು.

ನಿಮಗ ಒಂದು ಕೆಲಸ. ಗಡಿಯಾಗ ಗದ್ದಲ ಶುರುವಾದ ದಿನ 'ಯುದ್ಧ ಆಗ್ಲೇಬೇಕು' ಅಂತ ಸ್ಟೋರಿ ಹಾಕೋ ಮೊದಲು, ನಿಮ್ಮ ಊರಾಗ ಯಾರ ಮನಿ ಹುಡುಗ ಅಲ್ಲಿ ಅದಾನ ಅಂತ ಕೇಳ್ರಿ. ಮಾಜಿ ಸೈನಿಕರಿದ್ರ ಹೋಗಿ ಮಾತಾಡ್ಸ್ರಿ. ಎಷ್ಟು ಮಂದೀನ ಹೊಡದ್ರಿ ಅಂತ ಕೇಳಬ್ಯಾಡ್ರಿ. ರಾತ್ರಿ ಏನ್ ಉಣ್ತಿದ್ರಿ, ನಿದ್ದಿ ಹೆಂಗ ಬರ್ತಿತ್ತು, ಮನಿಗೆ ಪತ್ರ ಎಷ್ಟು ದಿನಕ್ಕ ಮುಟ್ಟತಿತ್ತು ಅಂತ ಕೇಳ್ರಿ.

ಸಿಕ್ಕ ಉತ್ತರ ಕಮೆಂಟ್‌ನ್ಯಾಗ ಬರೀರಿ. ಎಲ್ಲಾ ಕೂಡಿಸಿ ಭಾಗ 5 ಮಾಡೂಣು.

#ಊರುದಾಟಿ #ಲೋಂಗೇವಾಲಾ #ಅಂತೂರಬೆಂತೂರ #ಗದಗ