ಅಪ್ಪನ ಉಪ್ಪು

ಕಳೆದ ಫೆಬ್ರುವರಿಯಲ್ಲಿ ನಮ್ಮ ವಿಮಾನ ನಗರದ ಆಫೀಸಿನ ಗೆಳೆಯನೊಬ್ಬ ಪೆರು ದೇಶಕ್ಕೆ ಹೋಗಿ ಬಂದ. ಊಟದ ಹೊತ್ತಿಗೆ ಫೋಟೊ ತೋರಿಸಿದ. ಬೆಳಿಗ್ಗೆ ಮೊರಾಯ್ ಎಂಬಲ್ಲಿ ಇಂಕಾ ಜನ ಕಟ್ಟಿದ ದುಂಡನೆಯ ಮೆಟ್ಟಿಲು ಗದ್ದೆಗಳು, ಮಧ್ಯಾಹ್ನ ಮರಾಸ್‌ನ ಉಪ್ಪಿನ ಮಡಿಗಳು. ಬೆಟ್ಟದ ಒಡಲಿಂದ ಬರುವ ಉಪ್ಪುನೀರಿನ ಒರತೆಯನ್ನು ಸಾವಿರಾರು ಪುಟ್ಟ ಮಡಿಗಳಿಗೆ ಹಾಯಿಸಿ ಬಿಸಿಲಿಗೆ ಒಣಗಿಸುತ್ತಾರಂತೆ. ಒಂದೊಂದು ಮಡಿ ಒಂದೊಂದು ಮನೆತನದ್ದು. ಎಲ್ಲರೂ "ವಾಹ್" ಅಂದರು. ನಾನೂ ಅಂದೆ.

ನನ್ನ ಅಪ್ಪ ಇಪ್ಪತ್ತೆಂಟು ವರ್ಷ ಉಪ್ಪಿನ ಆಗರದಲ್ಲಿ ಕೂಲಿ ಮಾಡಿದವನು ಎಂದು ಮಾತ್ರ ಹೇಳಲಿಲ್ಲ. ಕಾಲೇಜಿನ ಅರ್ಜಿಯಲ್ಲಿ ತಂದೆಯ ಉದ್ಯೋಗ 'ಕೃಷಿ' ಎಂದು ಬರೆದವನು ನಾನು. ಆ ಸುಳ್ಳು ಹಾಗೇ ಉಳಿದುಬಿಟ್ಟಿತ್ತು.

ಮಾರ್ಚ್‌ನಲ್ಲಿ ಊರಿಗೆ ಹೋದಾಗ ಅಪ್ಪನಿಗೆ, "ನಾಳೆ ಮಿರ್ಜಾನ್ ಕೋಟೆ, ಸಾಣಿಕಟ್ಟಾ ನೋಡಿ ಬರೋಣ" ಅಂದೆ.

"ಅಲ್ಲಿ ನೋಡುಕೆ ಎಂತ ಅದೆ?" ಅಂದ. ಆದರೆ ಬೆಳಿಗ್ಗೆ ನನಗಿಂತ ಮೊದಲೇ ಬಿಳಿ ಅಂಗಿ ತೊಟ್ಟು ಕೂತಿದ್ದ.

ಕುಮಟಾದಿಂದ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದರೆ ಸ್ವಲ್ಪ ಹೊತ್ತಿಗೇ ಮಿರ್ಜಾನ್. ಅಘನಾಶಿನಿಯ ದಡದ ಈ ಕೆಂಪುಕಲ್ಲಿನ ಕೋಟೆಗೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಅಂಟಿಕೊಂಡಿದೆ. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ಅವಳನ್ನು ಕರಿಮೆಣಸಿನ ರಾಣಿ ಎಂದೇ ಕರೆದರು. ಮಳೆಗಾಲದಲ್ಲಿ ಹಾವಸೆ ಹೊದ್ದು ಹಸಿರಾಗುವ ಗೋಡೆಗಳು ಆಗ ಸುಟ್ಟ ಇಟ್ಟಿಗೆಯಂತೆ ಕಾಣುತ್ತಿದ್ದವು. ಅಪ್ಪ ಕಂದಕದ ಹತ್ತಿರ ನಿಂತು, "ಮೆಣಸು ಮಾರಿದವರ ಹೆಸರು ಉಳೀತು" ಅಂದ. ಮುಂದೆ ಏನೂ ಹೇಳಲಿಲ್ಲ.

ಮಾದನಗೇರಿಯಲ್ಲಿ ಹೆದ್ದಾರಿ ಬಿಟ್ಟು ಗೋಕರ್ಣದ ದಾರಿ ಹಿಡಿದೆವು. ಸಾಣಿಕಟ್ಟಾದಲ್ಲಿ ಕಣ್ಣು ಹಾಯುವವರೆಗೂ ಚೌಕ ಚೌಕ ಮಡಿ, ನಡುನಡುವೆ ಉಪ್ಪಿನ ರಾಶಿ. ಇಲ್ಲಿ ಬೆಟ್ಟದ ಒರತೆಯಿಲ್ಲ; ಉಬ್ಬರದಲ್ಲಿ ಅಳಿವೆಯ ನೀರನ್ನು ಒಳಬಿಟ್ಟು ಬಾಗಿಲು ಮುಚ್ಚುತ್ತಾರೆ. ಒಂದು ಲೀಟರ್ ಸಮುದ್ರದ ನೀರಲ್ಲಿ ಉಪ್ಪಿರುವುದು 35 ಗ್ರಾಂ ಆಸುಪಾಸು. ಅದನ್ನು ಮಡಿಯಿಂದ ಮಡಿಗೆ ಹಾಯಿಸುತ್ತಾ ಗಟ್ಟಿ ಮಾಡಿ, ಕೊನೆಯ ಮಡಿಯಲ್ಲಿ ಹರಳುಗಟ್ಟಲು ಬಿಟ್ಟು, ಉದ್ದ ಕೋಲಿನ ಹಲಗೆಯಿಂದ ಎಳೆಯಬೇಕು. ಅದಕ್ಕೂ ಮೊದಲು ಮಡಿಯ ಜೇಡಿಮಣ್ಣನ್ನು ಕಾಲಿನಿಂದ ತುಳಿದು ತುಳಿದು ನೆಲ ಗಟ್ಟಿ ಮಾಡಬೇಕು. ಇಲ್ಲದಿದ್ದರೆ ನೀರು ಇಂಗುತ್ತದೆ, ಉಪ್ಪಿಗೆ ಮಣ್ಣು ಹತ್ತುತ್ತದೆ.

ಅಪ್ಪ ಚಪ್ಪಲಿ ಬಿಟ್ಟು ಬದುವಿನ ಮೇಲೆ ನಡೆದ. ಒಂದು ಮಡಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಬೆರಳಿನಿಂದ ಒತ್ತಿ ನೋಡಿ, "ಇದನ್ನ ಸಮ ತುಳೀಲಿಲ್ಲ" ಅಂದ. ಅಲ್ಲಿದ್ದ ಆಳು ನಕ್ಕು, "ಹೌದು ಅಜ್ಜ, ಈಗ ಜನ ಸಿಗೂದಿಲ್ಲ" ಅಂದ. ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಅಪ್ಪ ಅಷ್ಟು ಹೊತ್ತು ಒಬ್ಬರ ಹತ್ತಿರ ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಚಿಕ್ಕಂದಿನಲ್ಲಿ ನನಗೆ ಗೊತ್ತಿದ್ದದ್ದು ಅವನ ಪಾದದ ಬಿರುಕುಗಳು, ರಾತ್ರಿ ಅವ್ವ ಅದಕ್ಕೆ ಹಚ್ಚುತ್ತಿದ್ದ ಕೊಬ್ಬರಿ ಎಣ್ಣೆ, ಅಷ್ಟೇ.

ಪುಣೆಗೆ ಬರುವಾಗ ಎರಡು ಕಿಲೊ ಕಲ್ಲುಪ್ಪು ತಂದೆ. ಸೋಮವಾರ ಒಂದು ಪೊಟ್ಟಣವನ್ನು ಗೆಳೆಯನ ಮೇಜಿನ ಮೇಲಿಟ್ಟು, "ಇದು ನಮ್ಮಪ್ಪ ಕೆಲಸ ಮಾಡಿದ ಆಗರದ್ದು" ಅಂದೆ. ಗಂಟಲು ಒಣಗಿತ್ತು. ಅವನು ಹರಳೊಂದನ್ನು ಬಾಯಿಗೆ ಹಾಕಿಕೊಂಡು, "ಮತ್ತೆ ಆವತ್ತು ಯಾಕೆ ಹೇಳಲಿಲ್ಲ?" ಅಂದ. ನನ್ನ ಬಳಿ ಉತ್ತರ ಇರಲಿಲ್ಲ. ಆಮೇಲೆ, "ಉಬ್ಬರ ನಡುರಾತ್ರಿ ಬಂದರೆ ಬಾಗಿಲು ಯಾರು ತೆಗೀತಾರೆ?" ಅಂತ ಕೇಳಿದ. ಅದಕ್ಕೂ ಇರಲಿಲ್ಲ.

ಅಪ್ಪನಿಗೆ ಫೋನ್ ಹಚ್ಚಿದೆ. ಅವನು ನಿಧಾನಕ್ಕೆ ಹೇಳುತ್ತಾ ಹೋದ. ನಾನು ಒಂದೊಂದೇ ಮಾತನ್ನು ಹಿಂದಿಗೆ ತಿರುಗಿಸಿ ಗೆಳೆಯನಿಗೆ ಹೇಳುತ್ತಾ ಹೋದೆ.