ನೋವಿನ ದಿನಗಳಲ್ಲಿ ಒಂದು ನಡಿಗೆ, ಒಂದು ಪಂದ್ಯ

ಗಾಝಾದ ಮಕ್ಕಳ ಮೇಲೆ ಬಾಂಬುಗಳು ಬೀಳುತ್ತಿರುವಾಗ ನಾವು ನಗಬಹುದೇ? 2024ರ ಜನವರಿಯಲ್ಲಿ ಈ ಪ್ರಶ್ನೆ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆಲ್ಲ ಎದುರಾಗುತ್ತಿತ್ತು. ಮಾವನವರು ಮದುವೆಯ ಔತಣಗಳಿಗೆ ಹೋಗುವುದನ್ನೇ ಬಿಟ್ಟಿದ್ದರು. ಮಕ್ಕಳು ಅಂಗಳದಲ್ಲಿ ಗದ್ದಲವೆಬ್ಬಿಸಿದರೂ ಅವರಿಗೆ ಸಂಕಟವಾಗುತ್ತಿತ್ತು. ಅವರ ದುಃಖ ಪ್ರಾಮಾಣಿಕವಾದುದು. ಅದನ್ನು ಹಗುರವಾಗಿ ಕಾಣುವ ಹಕ್ಕು ನಮಗಿರಲಿಲ್ಲ.

ಹಝ್ರತ್ ಹಂಝಲಾ(ರ) ತಾನು ಕಪಟಿಯಾಗಿಬಿಟ್ಟೆನೆಂದು ಹೆದರಿದ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ಪ್ರವಾದಿಯವರ(ಸ) ಬಳಿ ಇರುವಾಗ ಸ್ವರ್ಗ ನರಕಗಳು ಕಣ್ಣೆದುರೇ ಇದ್ದಂತೆ ತೋರುತ್ತಿದ್ದವು. ಮನೆಗೆ ಮರಳಿ ಮಡದಿ ಮಕ್ಕಳೊಡನೆ ಬೆರೆತೊಡನೆ ಬಹುಪಾಲು ಮರೆತುಹೋಗುತ್ತಿತ್ತು. ಈ ಅಳಲನ್ನು ಕೇಳಿದ ಅಬೂಬಕರ್(ರ) ತಮ್ಮ ಸ್ಥಿತಿಯೂ ಅದೇ ಎಂದರು. ಇಬ್ಬರೂ ಪ್ರವಾದಿಯವರ(ಸ) ಬಳಿಗೆ ಹೋದಾಗ ಅವರು ಗದರಲಿಲ್ಲ. ಅದಕ್ಕೂ ಒಂದು ಹೊತ್ತು, ಇದಕ್ಕೂ ಒಂದು ಹೊತ್ತು ಎಂಬ ಅರ್ಥದಲ್ಲಿ ಸಮಾಧಾನ ಹೇಳಿದರು. ಅಲ್ಲಿದ್ದುದು ಪರಲೋಕ ಸ್ಮರಣೆಯ ಪ್ರಶ್ನೆ, ಪರರ ನೋವಿನದಲ್ಲ ಎಂದು ಯಾರಾದರೂ ವಾದಿಸಬಹುದು. ಆದರೆ ಮನುಷ್ಯನ ಎದೆ ಒಂದೇ ಭಾವವನ್ನು ಹಗಲಿರುಳು ಹೊರಲಾರದೆಂಬ ಅರಿವು ಎರಡಕ್ಕೂ ಅನ್ವಯಿಸುತ್ತದೆ ಎಂದೇ ನಮ್ಮ ಭಾವನೆ.

ಆ ತಿಂಗಳ ಒಂದು ಆದಿತ್ಯವಾರ ಸುಬ್‌ಹ್ ನಮಾಝಿನ ಬಳಿಕ ಮಾವನವರನ್ನು ಒತ್ತಾಯಿಸಿ, ಮಕ್ಕಳನ್ನೂ ಕರೆದುಕೊಂಡು ಗದ್ದೆಯ ಕಡೆಗೆ ಹೊರಟೆವು. ಕೊಯ್ಲು ಮುಗಿದ ಗದ್ದೆಯಲ್ಲಿ ಉದ್ದಿನ ಗಿಡಗಳು ಮೊಣಕಾಲೆತ್ತರಕ್ಕೆ ಬಂದಿದ್ದವು. ಹುಣಿಯ ಹುಲ್ಲಿನಲ್ಲಿ ಇಬ್ಬನಿ. ಗುಡ್ಡದ ಗೇರು ಮರಗಳು ಹೂಬಿಟ್ಟಿದ್ದವು. ತೋಡಿನ ಬಳಿ ಮಾವನವರು ಚಪ್ಪಲಿ ಕಳಚಿ ನೀರಿಗಿಳಿದರು. ಬಾಲ್ಯದಲ್ಲಿ ಮೀನು ಹಿಡಿದ ಕತೆಯೊಂದು ತಾನಾಗಿಯೇ ಹೊರಬಂತು.

ಫೆಲೆಸ್ತೀನಿನಲ್ಲಿಯೂ ಜನರು ಹೀಗೆ ನಡೆಯುತ್ತಾರೆಯೇ ಎಂದು ಮಗಳು ಕೇಳಿದಳು. ಅಲ್ಲಿ ಅದಕ್ಕೊಂದು ಹೆಸರೇ ಇದೆ, 'ಸರ್ಹಾ'. ಜಾನುವಾರುಗಳನ್ನು ಮುಂಜಾನೆ ಮೇಯಲು ಬಿಡುವುದಕ್ಕೆ ಸಂಬಂಧಿಸಿದ ಈ ಪದ, ಗೊತ್ತುಗುರಿಯಿಲ್ಲದೆ ಬೆಟ್ಟಗಳಲ್ಲಿ ಅಲೆಯುವುದಕ್ಕೂ ಸಲ್ಲುತ್ತದೆ. ರಾಮಲ್ಲಾದ ವಕೀಲ, ಲೇಖಕ ರಾಜಾ ಶಹಾದಾ ತಮ್ಮ ಇಂತಹ ನಡಿಗೆಗಳ ಕುರಿತು 2007ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ವಸಾಹತುಗಳೂ ಅವುಗಳ ರಸ್ತೆಗಳೂ ಬೆಳೆದಂತೆ ಅವರು ನಡೆದಾಡಿದ ಹಾದಿಗಳು ಒಂದೊಂದಾಗಿ ಮುಚ್ಚಿಹೋದವು. ನಮ್ಮ ಹುಣಿಯ ಮೇಲೆ ತಡೆಯುವವರು ಯಾರೂ ಇರಲಿಲ್ಲ. ಇದನ್ನು ಕೇಳಿದ ಮೇಲೆ ಮಾವನವರು ಬಹಳ ಹೊತ್ತು ಮಾತಾಡಲಿಲ್ಲ. ಆದರೆ ಮನೆಗೆ ಮರಳುವ ಮಾತನ್ನೂ ಎತ್ತಲಿಲ್ಲ.

ಎರಡು ದಿನಗಳ ಬಳಿಕ, 23ರ ರಾತ್ರಿ, ಏಷ್ಯನ್ ಕಪ್ ಫುಟ್ಬಾಲ್‌ನಲ್ಲಿ ಫೆಲೆಸ್ತೀನಿಗೆ ಹಾಂಗ್‌ಕಾಂಗ್ ಎದುರಾಳಿ. ಮುಂದಿನ ಸುತ್ತಿಗೆ ಹೋಗಲು ಗೆಲ್ಲಲೇಬೇಕಿತ್ತು. ಗಾಝಾದಲ್ಲಿ ಬಂಧುಗಳನ್ನು ಬಿಟ್ಟುಬಂದ ಆಟಗಾರರೂ ಆ ತಂಡದಲ್ಲಿದ್ದರು. ಪಂದ್ಯದ ಮುನ್ನಾ ಗಳಿಗೆಯವರೆಗೂ ಫೋನಿನಲ್ಲಿ ಮನೆಯವರ ಸುದ್ದಿಗಾಗಿ ಕಾದು, ಅನಂತರ ಬೂಟು ಕಟ್ಟಿ ಓಡುವುದೆಂದರೆ ಸಾಮಾನ್ಯ ಸಂಗತಿಯೇ? ದುಃಖಿತರೇ ಆಡುತ್ತಿರುವಾಗ ನೋಡುವವರು ಸಂಕೋಚಪಡಬೇಕೇ?

ಉದಯ್ ದಬ್ಬಾಗ್ ಎರಡು ಗೋಲು ಹೊಡೆದರು, ಝೈದ್ ಕುಂಬರ್ ಒಂದು. 3–0. ಏಷ್ಯನ್ ಕಪ್‌ನಲ್ಲಿ ಫೆಲೆಸ್ತೀನಿನ ಮೊತ್ತಮೊದಲ ಗೆಲುವು! ಮಕ್ಕಳು ಮಂಚದ ಮೇಲೆ ಕುಣಿದರು. ಅಂದು ಅವರನ್ನು ಯಾರೂ ಸುಮ್ಮನಾಗಿಸಲಿಲ್ಲ. ಮೂಲೆಯ ಕುರ್ಚಿಯಲ್ಲಿದ್ದ ಮಾವನವರು ಕನ್ನಡಕ ಒರೆಸಿಕೊಳ್ಳುತ್ತಾ, "ಮುಂದಿನ ಆಟ ಯಾವತ್ತು?" ಎಂದು ಕೇಳಿದರು.

29ರ ರಾತ್ರಿ ಆತಿಥೇಯ ಕತಾರ್ ಎದುರು ಮೊದಲ ಗೋಲು ದಬ್ಬಾಗ್ ಅವರದೇ. ಪಂದ್ಯ ಮಾತ್ರ 2–1ರಿಂದ ಕೈತಪ್ಪಿತು. ಮಾವನವರು ಮೆಲ್ಲನೆದ್ದು ವುಝೂ ಮಾಡಿ ಬಂದು ವಿತ್ರ್ ನಮಾಝಿಗೆ ನಿಂತರು. ಅಂದಿನ ಅವರ ದುಆ ಬಹಳ ದೀರ್ಘವಾಗಿತ್ತು.