ಕ್ಯಾಮೆರಾದಿಂದ ಇಳಿಸಿದ ಫ್ಲ್ಯಾಶ್

ಇವತ್ತು ಫ್ಲ್ಯಾಶ್ ಬಗ್ಗೆ ಬರೀತಿದ್ದೇನೆ. ಇದೇನು ಹೋರಾಟದ ವಿಷಯವಾ ಅಂತ ಕೇಳೋರು ಸ್ವಲ್ಪ ತಾಳ್ಮೆಯಿಂದ ಓದಿ.

ಎರಡು ವರ್ಷದ ಹಿಂದೆ ಅಂಕೋಲಾದ ನಮ್ಮ ಕೇರಿಯಲ್ಲಿ ದೊಡ್ಡಮ್ಮ ತೀರಿಕೊಂಡಳು. ಹಾರ ಹಾಕೋಕೆ ಫೋಟೊ ಬೇಕಲ್ಲ, ಹುಡುಕಿದ್ವಿ. ಪ್ರತಿ ಏಪ್ರಿಲ್ 14ಕ್ಕೆ ಮುಂದಿನ ಸಾಲಲ್ಲಿ ಕೂರುತ್ತಿದ್ದವಳು. ಅವಳಿದ್ದ ಫೋಟೊ ನನ್ನ ಹತ್ತಿರವೇ ಬೇಕಾದಷ್ಟಿದ್ದವು, ತೆಗೆದವನೂ ನಾನೇ. ಒಂದರಲ್ಲೂ ಮುಖ ಇಲ್ಲ. ಪಕ್ಕದಲ್ಲಿ ನಿಂತ ಅತಿಥಿಗಳ ಬಿಳಿ ಶರ್ಟ್ ಚೆನ್ನಾಗಿ ಬಂದಿದೆ, ದೊಡ್ಡಮ್ಮ ಬರೀ ಕತ್ತಲೆ. ಫ್ಲ್ಯಾಶ್ ಹಾಕಿದ್ದರಲ್ಲಿ ಹಣೆ, ಮೂಗಿನ ಮೇಲೆ ಬಿಳಿ ಚುಕ್ಕೆ, ಉಳಿದದ್ದು ಬೂದಿ ಬಳಿದ ಹಾಗೆ. ಕೊನೆಗೆ ಆಧಾರ್ ಕಾರ್ಡಿನ ಫೋಟೊನೇ ದೊಡ್ಡದು ಮಾಡಿಸಿ ಹಾರ ಹಾಕಿದ್ವಿ.

"ನಾವು ಕಪ್ಪು ಮಾರಾಯಾ, ಬರೋದೇ ಹಾಗೆ" ಅಂದ ಅಣ್ಣ. ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ ಫೋಟೊಕ್ಕೆ ಹೋದಾಗ ಸ್ಟುಡಿಯೊದವ ನನಗೂ ಹೇಳಿದ್ದ, ಪೌಡರ್ ಹಚ್ಚಿಕೊಂಡು ಬಾ ಅಂತ. ಹಚ್ಚಿಕೊಂಡೂ ಹೋಗಿದ್ದೆ! ಇಷ್ಟು ವರ್ಷ ತಪ್ಪು ನಮ್ಮ ಚರ್ಮದ್ದು ಅಂತಲೇ ನಂಬಿದ್ದು.

ಆಮೇಲೆ ಓದುತ್ತಾ ಹೋದೆ. ಕೊಡಾಕ್ ಕಂಪನಿಯವರು ಬಣ್ಣ ಸರಿಪಡಿಸೋಕೆ ಲ್ಯಾಬ್‌ಗಳಿಗೆ ಒಂದು ಕಾರ್ಡ್ ಕೊಡುತ್ತಿದ್ದರು, ಶರ್ಲಿ ಕಾರ್ಡ್ ಅಂತ. ಅದರಲ್ಲಿ ಇದ್ದದ್ದು ಬಿಳಿ ಹೆಂಗಸಿನ ಮುಖ. ಅವಳು ಚಂದ ಬಂದರೆ ಪ್ರಿಂಟ್ ಸರಿ. ಕಪ್ಪು ಛಾಯೆಗಳು ಸರಿಯಾಗಿ ಬರಲಿ ಅಂತ ಕೊಡಾಕ್ ತಲೆಕೆಡಿಸಿಕೊಂಡದ್ದು ಚಾಕಲೇಟ್ ಕಂಪನಿಯವರು, ಮರದ ಪೀಠೋಪಕರಣ ಮಾಡೋರು ತಕರಾರು ಎತ್ತಿದ ಮೇಲೆ. ಮನುಷ್ಯರಿಗಿಂತ ಮೊದಲು ಮೇಜಿಗೆ ನ್ಯಾಯ ಸಿಕ್ಕಿತು!

ಈಗಿನ ಡಿಜಿಟಲ್ ಕ್ಯಾಮೆರಾದ ಮೀಟರಿಗೆ ಜಾತಿ ಗೊತ್ತಿಲ್ಲ, ಆದರೆ ಚೌಕಟ್ಟಿನಲ್ಲಿ ಬಿಳಿ ಜಾಸ್ತಿ ಇದ್ದರೆ ಇಡೀ ಚಿತ್ರವನ್ನೇ ಮಂದ ಮಾಡುತ್ತದೆ. ಅತಿಥಿಗಳ ಶರ್ಟ್ ಉಳೀತು, ದೊಡ್ಡಮ್ಮ ಹೋದಳು. ಇನ್ನು ಕ್ಯಾಮೆರಾ ತಲೆ ಮೇಲಿನ ಫ್ಲ್ಯಾಶು. ಬೆಳಕು ಸಣ್ಣ ಕಿಂಡಿಯಿಂದ ನೇರ ಬಂದು ಮುಖಕ್ಕೆ ಬಡಿಯುತ್ತದೆ. ನಮ್ಮ ಕರಾವಳಿಯಲ್ಲಿ ಬೆವರಿಲ್ಲದ ಮುಖ ಯಾವುದು? ಬೆವರು ಮಾತ್ರ ಹೊಳೆಯುತ್ತದೆ. ಕಪ್ಪು ಮುಖದ ಏರುತಗ್ಗು ಕಾಣಬೇಕಾದರೆ ಬೆಳಕು ಓರೆಯಾಗಿ, ಅಗಲವಾಗಿ ಬರಬೇಕು. ಅಂದರೆ ಫ್ಲ್ಯಾಶ್ ಕ್ಯಾಮೆರಾದಿಂದ ಇಳಿದು ಪಕ್ಕಕ್ಕೆ ಹೋಗಬೇಕು.

ಮೊದಲು ವೈರ್ ಹಾಕಿ ನೋಡಿದೆ, ಮಕ್ಕಳು ಎಡವಿ ಸ್ಟ್ಯಾಂಡ್ ಬಿತ್ತು. ಬೆಳಕು ಕಂಡರೆ ತಾನೂ ಹೊಡೆಯುವ ಸ್ಲೇವ್ ಫ್ಲ್ಯಾಶ್ ಇದೆ, ಆದರೆ ಬಿಸಿಲಲ್ಲಿ ಅದಕ್ಕೆ ಕಣ್ಣು ಕಾಣಲ್ಲ, ಮದುವೆ ಮನೆಯಲ್ಲಿ ಯಾರದೋ ಫ್ಲ್ಯಾಶಿಗೆ ಇದು ಹೊಡೆದು ಕೂರುತ್ತದೆ. ಕೊನೆಗೆ ಯೊಂಗ್ನುವೊ ಆರ್‌ಎಫ್-603 ಟ್ರಿಗರ್ ತಗೊಂಡೆ, ಸೆಕೆಂಡ್ ಹ್ಯಾಂಡ್, ಜೊತೆಗೆ ಸಾವಿರದ ಇನ್ನೂರು ರೂಪಾಯಿ. ಒಂದು ಕ್ಯಾಮೆರಾ ಮೇಲೆ, ಇನ್ನೊಂದು ಫ್ಲ್ಯಾಶ್ ಕೆಳಗೆ. 2.4 ಗಿಗಾಹರ್ಟ್ಸ್ ರೇಡಿಯೊ, ಮಧ್ಯೆ ಜನ ಅಡ್ಡ ನಿಂತರೂ ಕೆಲಸ ಮಾಡುತ್ತದೆ. ಬೆಳಕು ಎಷ್ಟು ಬೇಕು ಅಂತ ಅದು ಹೇಳಲ್ಲ, ಫ್ಲ್ಯಾಶಲ್ಲೇ ಕೈಯಾರೆ ತಿರುಗಿಸಬೇಕು. ಪರವಾಗಿಲ್ಲ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗ, ಇಷ್ಟು ನೆನಪಿದ್ದರೆ ಸಾಕು. ಶಟರ್ 1/200 ದಾಟಿಸಬೇಡಿ, ಫೋಟೊದಲ್ಲಿ ಕಪ್ಪು ಪಟ್ಟಿ ಬರುತ್ತದೆ.

ಬಿಳಿ ಕೊಡೆಯೂ ತಂದಿದ್ದೆ, ಕಾರವಾರದ ಕಡಲ ಗಾಳಿ ಒಂದೇ ಸಂಜೆಯಲ್ಲಿ ಅದನ್ನು ಮುಗಿಸಿತು. ಈಗ ಸುಣ್ಣ ಬಳಿದ ಗೋಡೆಗೆ ಫ್ಲ್ಯಾಶ್ ತಿರುಗಿಸುತ್ತೇನೆ. ಗೋಡೆ ಇಲ್ಲದಿದ್ದರೆ ಇಬ್ಬರು ಹುಡುಗರು ಬಿಳಿ ಪಂಚೆ ಹಿಡಿದು ನಿಲ್ಲುತ್ತಾರೆ. ಡಿಸೆಂಬರ್ 6ರ ಮೇಣದಬತ್ತಿ ಕಾರ್ಯಕ್ರಮದಲ್ಲಿ 1/32ಕ್ಕೆ ಇಳಿಸಿ, ಶಟರ್ 1/30 ಇಟ್ಟೆ. ಬತ್ತಿಯ ಬೆಳಕೂ ಉಳೀತು, ಹಿಡಿದವರ ಮುಖವೂ ಬಂತು.

ಈಗ ರಜೆಯ ಭಾನುವಾರ ಕೇರಿ ಕೇರಿಗೆ ಹೋಗಿ ಅರವತ್ತು ದಾಟಿದವರ ಫೋಟೊ ತೆಗೀತಿದ್ದೇನೆ. ಹಾರಕ್ಕೆ ಅಂತ ಹೇಳೋದಿಲ್ಲ, ಅವರಿಗೆ ಗೊತ್ತು. ಒಬ್ಬ ಅಜ್ಜಿ ಪೌಡರ್ ಹಚ್ಚಿಕೊಂಡು ಬಂದು ಕೂತಳು. ತೊಳೆದು ಬಾ ಅಂದರೆ ಸಿಟ್ಟು ಮಾಡಿದಳು. ಸರಿ, ಪೌಡರ್ ಸಮೇತ ಒಂದು, ತೊಳೆದ ಮೇಲೆ ಒಂದು ತೆಗೆದೆ. ಎರಡನ್ನೂ ಪ್ರಿಂಟ್ ಹಾಕಿಸಿ ಕೊಟ್ಟೆ. ಗೋಡೆಗೆ ಹಾಕಿರೋದು ತೊಳೆದದ್ದು, ಪೌಡರಿನದ್ದು ಪೆಟ್ಟಿಗೆಯಲ್ಲಿದೆಯಂತೆ.

ಅಂಕೋಲಾದಲ್ಲಿ ಹದಿನೇಳು ಮನೆ ಆಗಿದೆ, ಬೇಲೆಕೇರಿ ಕಡೆ ಇನ್ನೂ ಶುರು ಮಾಡಿಲ್ಲ. ಇದೇ ಟ್ರಿಗರ್ ಇನ್ನೊಂದು ಜೊತೆ ಯಾರ ಹತ್ತಿರವಾದರೂ ಸುಮ್ಮನೆ ಬಿದ್ದಿದ್ದರೆ ಮೆಸೇಜ್ ಮಾಡಿ. ಬೇರೆ ಕಂಪನಿಯದು ಇದಕ್ಕೆ ಮಾತಾಡಲ್ಲ. ಬರುವಾಗ ನಾಲ್ಕು ಟ್ರಿಪಲ್ ಎ ಸೆಲ್ ತನ್ನಿ, ನನ್ನದು ಯಾವಾಗಲೂ ಅರ್ಧಕ್ಕೇ ಮುಗೀತದೆ.